ಪೈಪಿನ ಇನ್ನೊಂದು ತುದಿ

"ಮನುಷ್ಯರು ಕುಡಿಯೋ ನೀರು ನೋಡಾಕೆ ಒಂದು ಬಸ್ಸು ಜನ ಬಂದೀರಿ. ದನ ಕುಡಿಯೋ ನೀರು ಯಾರು ನೋಡ್ತಾರೆ ಟೀಚರಮ್ಮ?"

ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಶುದ್ಧ ಕುಡಿಯುವ ನೀರಿನ ಘಟಕದ ಹಿಂದುಗಡೆ ನಿಂತು ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನನ್ನನ್ನು ಹೀಗೆ ಕೇಳಿ ಮೂರು ವರ್ಷವಾಯಿತು. "ಅದನ್ನೂ ನೋಡ್ತೀವಿ ಅಜ್ಜಿ" ಅಂದಿದ್ದೆ. ನೋಡಲಿಲ್ಲ. ನಮ್ಮ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ದಾವಣಗೆರೆಗೆ ವಾಪಸ್ ಬಂದೆವು, ವರದಿ ಬರೆದೆವು, ನಾನು ಅಂಕ ಹಾಕಿದೆ, ಸೆಮಿಸ್ಟರ್ ಮುಗಿಯಿತು. ಆ ಮಾತು ಮಾತ್ರ ಮುಗಿಯಲಿಲ್ಲ. ಬೋರ್ಡಿನ ಮೇಲೆ 'ಸುಸ್ಥಿರ ಅಭಿವೃದ್ಧಿ' ಅಂತ ಬರೆಯುವಾಗಲೆಲ್ಲ ಅಜ್ಜಿ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿರುವ ಹಾಗೆ ಅನ್ನಿಸುತ್ತದೆ.

ಆ ಘಟಕದ ಮುಂಭಾಗ ನಿಮಗೆಲ್ಲ ಗೊತ್ತಿರುವಂಥದ್ದೇ. ನೀಲಿ ಬಣ್ಣ ಹೊಡೆದ ಗೋಡೆ, ಕಾಯಿನ್ ಹಾಕುವ ಸಂದು, ಸಾಲಾಗಿ ಇಟ್ಟ 20 ಲೀಟರಿನ ಕ್ಯಾನುಗಳು, ಟಿವಿಎಸ್ ಗಾಡಿಯ ಎರಡೂ ಬದಿಗೆ ಕ್ಯಾನು ನೇತು ಹಾಕಿಕೊಂಡು ಹೊರಟ ಹುಡುಗರು. ಫೋಟೊ ತೆಗೆಯುವವರೆಲ್ಲ ತೆಗೆಯುವುದು ಆ ಕಡೆಯದನ್ನೇ. ಹಿಂದುಗಡೆ ಗೋಡೆಯ ಬುಡದಿಂದ ಒಂದು ತೆಳುವಾದ ಪೈಪು ಹೊರಗೆ ಬಂದಿತ್ತು. ಯಂತ್ರ ಓಡುವಷ್ಟು ಹೊತ್ತೂ ಅದರಿಂದ ನೀರು ಸುರಿಯುತ್ತಿತ್ತು. ಯಾರೋ ಪುಣ್ಯಾತ್ಮರು, ನೀರು ಸುಮ್ಮನೆ ಹಾಳಾಗುತ್ತಲ್ಲ ಅಂತ, ಅದರ ಕೆಳಗೆ ಸಿಮೆಂಟಿನ ತೊಟ್ಟಿ ಕಟ್ಟಿಸಿದ್ದರು. ಎರಡು ಎಮ್ಮೆ, ಒಂದು ಕರು ಬಾಯಿ ಹಾಕಿ ನಿಂತಿದ್ದವು. ತೊಟ್ಟಿಯ ಅಂಚಿಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಟ್ಟಿತ್ತು. ಅಜ್ಜಿ ಅದನ್ನು ಉಗುರಿನಿಂದ ಕೆರೆದು, ಬೆರಳ ತುದಿಗೆ ಅಂಟಿದ್ದನ್ನು ನನ್ನ ಮುಖದ ಹತ್ತಿರ ಹಿಡಿದರು. "ನೀವು ಇದನ್ನ ತೆಗೆದು ನಮಗೆ ಒಳ್ಳೆ ನೀರು ಕೊಡ್ತೀರಿ. ತೆಗೆದದ್ದು ಎಲ್ಲಿಗೆ ಹೋಗಬೇಕು? ಇವುಕ್ಕೇ ಹೋಗ್ತತಿ."

ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲು ಕೆಮಿಸ್ಟ್ರಿ ಎಂ.ಎಸ್ಸಿ. ಬೇಕಾಗಿಲ್ಲ. ಎರಡು ಕೊಡ ನೀರು ಒಳಗೆ ಹೋಗಿ ಒಂದು ಕೊಡ ಶುದ್ಧವಾಗಿ ಬಂದರೆ, ಎರಡು ಕೊಡದಲ್ಲಿದ್ದ ಉಪ್ಪು, ಹೆಚ್ಚಾದರೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಎಲ್ಲ ಇನ್ನೊಂದು ಕೊಡದಲ್ಲಿ ಉಳಿಯುತ್ತದೆ. ಅಂದರೆ ಊರಿನ ಕೊಳವೆಬಾವಿಯ ನೀರಿಗಿಂತ ತೊಟ್ಟಿಯ ನೀರು ಸುಮಾರು ಎರಡು ಪಟ್ಟು ಗಡುಸು. ಇಷ್ಟು ಸರಳ ಲೆಕ್ಕವನ್ನು ಒಂದು ಬಸ್ಸಿನ ತುಂಬ ಬಂದಿದ್ದ ನಾವು ಯಾರೂ ಹಾಕಿರಲಿಲ್ಲ. ಕೆಮಿಸ್ಟ್ರಿಯವರು ನಲ್ಲಿಯ ನೀರನ್ನು ಬಾಟಲಿಗೆ ತುಂಬಿಕೊಂಡಿದ್ದರು. ನನ್ನ ಅರ್ಥಶಾಸ್ತ್ರದ ಮಕ್ಕಳು ಒಂದು ಕ್ಯಾನಿಗೆ 5 ರೂಪಾಯಿಯಂತೆ ತಿಂಗಳಿಗೆ ಮನೆಯೊಂದಕ್ಕೆ ಎಷ್ಟಾಗುತ್ತದೆ ಅಂತ ಕೇಳಿ ಬರೆದುಕೊಂಡಿದ್ದರು. ಸಮಾಜಕಾರ್ಯದವರು ಕ್ಯಾನು ಹೊರುವವರು ಹೆಂಗಸರೋ ಗಂಡಸರೋ ಅಂತ ಗುರುತು ಮಾಡಿಕೊಂಡಿದ್ದರು. ಎಲ್ಲವೂ ಬೇಕಾದ ಕೆಲಸವೇ. ಎಲ್ಲರೂ ನಿಂತಿದ್ದು ಮಾತ್ರ ಗೋಡೆಯ ಒಂದೇ ಬದಿಗೆ.

ಪತ್ರಿಕೆ ಒಂದು, ಮೇಷ್ಟ್ರು ನಾಲ್ವರು

ನಾನು ಪಾಠ ಮಾಡುವ ಕಡೆ ಸುಸ್ಥಿರ ಅಭಿವೃದ್ಧಿ ಅನ್ನುವುದು ಮುಕ್ತ ಆಯ್ಕೆಯ ಪತ್ರಿಕೆ. ಯಾವ ವಿಭಾಗದವರು ಬೇಕಾದರೂ ತೆಗೆದುಕೊಳ್ಳಬಹುದು. ಭದ್ರಾ ನಾಲೆಯ ಮೇಲೆ ಬೆಳೆದ ಹರಿಹರದ ಹುಡುಗನೂ, ತೋಟದ ಮನೆಯಿಂದ ಬರುವ ಚನ್ನಗಿರಿಯ ಹುಡುಗಿಯೂ, ಟ್ಯಾಂಕರ್ ನೀರಿಗೆ ಕಾದು ಗೊತ್ತಿರುವ ಜಗಳೂರಿನವರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇಂಥ ತರಗತಿ ಸಿಗುವುದು ಅದೃಷ್ಟ ಅಂತಲೇ ನಾನು ಇವತ್ತಿಗೂ ನಂಬಿದ್ದೇನೆ. ಒಂದೇ ಜಿಲ್ಲೆ, 50 ಕಿಲೋಮೀಟರ್ ಆಸುಪಾಸಿನ ದಾರಿ. ಪಡುವಣ ತುದಿಯಲ್ಲಿ ಭತ್ತದ ಗದ್ದೆಯಲ್ಲಿ ನೀರು ನಿಂತಿರುತ್ತದೆ, ಮೂಡಣ ತುದಿಯಲ್ಲಿ ಕೊಂಡುಕುರಿಗಳಿರುವ ಕುರುಚಲು ಕಾಡು. ಪಾಠಕ್ಕೆ ಬೇಕಾದದ್ದೆಲ್ಲ ಇಲ್ಲೇ ಇದೆ.

ಆದರೆ ಪಾಠ ನಡೆಯುವ ರೀತಿ ಬೇರೆ. ಪಠ್ಯದ ಘಟಕ ಒಂದು ಪರಿಸರ ವಿಜ್ಞಾನದವರದು, ಎರಡು ನನ್ನದು, ಮೂರು ಸಮಾಜಶಾಸ್ತ್ರದವರದು, ನಾಲ್ಕು ಕಾನೂನು ಗೊತ್ತಿರುವ ಅತಿಥಿ ಉಪನ್ಯಾಸಕರದು. ಒಬ್ಬರು ಮುಗಿಸಿ ಹೊರಗೆ ಬರುವಾಗ ಇನ್ನೊಬ್ಬರು ಒಳಗೆ ಹೋಗುತ್ತೇವೆ. ಬಾಗಿಲಲ್ಲಿ ನಮಸ್ಕಾರ, "ಎಲ್ಲಿವರೆಗೆ ಆಯ್ತು ಮೇಡಂ?" ಅಷ್ಟೇ ನಮ್ಮ ಮಾತು. ಇದನ್ನೇ ಅಂತರಶಿಸ್ತೀಯ, ಅಂದರೆ ಹಲವು ವಿಷಯ ಕೂಡಿದ ಪಾಠ, ಅಂತ ಕರೆದುಕೊಳ್ಳುತ್ತೇವೆ. ನಾಲ್ಕು ಮನೆಯ ಸಾರನ್ನು ನಾಲ್ಕು ಬಟ್ಟಲಲ್ಲಿಟ್ಟು ಹುಡುಗರ ಮುಂದೆ ಇಡುತ್ತೇವೆ, ಕಲಸಿಕೊಳ್ಳುವ ಕೆಲಸ ಅವರಿಗೇ ಬಿಟ್ಟಿರುತ್ತೇವೆ. ಇಪ್ಪತ್ತೊಂದು ವರ್ಷದ ಮಕ್ಕಳು ಮಾಡಬೇಕೆಂದು ನಾವು ಬಯಸುವ ಕೆಲಸವನ್ನು ಐವತ್ತರ ಹತ್ತಿರದ ನಾವೇ ಮಾಡಿಲ್ಲ.

ಪರಿಸರ ಶಿಕ್ಷಣ ನಮ್ಮ ಕಾಲೇಜುಗಳಿಗೆ ಬಂದದ್ದೇ ಕೋರ್ಟಿನ ಬಾಗಿಲಿನಿಂದ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಪರಿಸರದ ಪಾಠ ಕಲಿಸಬೇಕು ಅಂತ ಸುಪ್ರೀಂ ಕೋರ್ಟು 1991ರಲ್ಲಿ ಹೇಳಿತು, ಆಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಪದವಿ ತರಗತಿಗೆಲ್ಲ ಆರು ತಿಂಗಳ ಪಠ್ಯ ಮಾಡಿಕೊಟ್ಟಿತು. ಅದರಲ್ಲಿ 50 ತರಗತಿ. ಅದರೊಳಗೆ 5 ತರಗತಿಯಷ್ಟು ಹೊತ್ತು ಹೊರಗೆ ಹೋಗಿ ನೋಡುವುದಕ್ಕೆ. ಆ ಐದನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ, ಏಕೆಂದರೆ ಪಠ್ಯ ಬರೆದವರಿಗೆ ಹೊರಗೆ ಹೋಗಬೇಕು ಅನ್ನುವುದು ಗೊತ್ತಿತ್ತು. ಬಹಳಷ್ಟು ಕಡೆ ಆ ಐದೂ ಗೋಡೆಗಳ ಒಳಗೇ ಕಳೆದುಹೋಗುತ್ತವೆ. ನಾನೂ ಮೊದಲ ಎರಡು ವರ್ಷ ಹಾಗೇ ಕಳೆದಿದ್ದೇನೆ.

ಇನ್ನೊಂದು ಕಷ್ಟ ದೊಡ್ಡದು, ಅದು ಒಬ್ಬಿಬ್ಬರ ಕೈಯಲ್ಲಿ ಇಲ್ಲ. ನಮ್ಮ ರಾಜ್ಯದಲ್ಲಿ ವಿಷಯಕ್ಕೊಂದು ವಿಶ್ವವಿದ್ಯಾಲಯ ಇದೆ. ವೈದ್ಯಕೀಯ, ದಂತ ವೈದ್ಯಕೀಯ ಎಲ್ಲ 1996ರಿಂದ ಬೆಂಗಳೂರಿನ ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ ಸೇರುತ್ತವೆ. ಎಂಜಿನಿಯರಿಂಗ್ 1998ರಿಂದ ಬೆಳಗಾವಿಗೆ. ಪಶುವೈದ್ಯಕೀಯ ಬೀದರಿಗೆ. ಕೃಷಿ ಶಿವಮೊಗ್ಗಕ್ಕೆ. ದಾವಣಗೆರೆ ಊರೊಳಗೇ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಆಟೋದಲ್ಲಿ ಹೋದರೆ ಸಿಗುವಷ್ಟು ದೂರ. ಆದರೆ ಕಾಗದದ ಮೇಲೆ ಅವು ಬೆಂಗಳೂರಿನಷ್ಟು ದೂರ. ನನ್ನ ವಿದ್ಯಾರ್ಥಿಯ ಪ್ರಬಂಧಕ್ಕೆ ಹಲ್ಲಿನ ಡಾಕ್ಟರೊಬ್ಬರು ಮಾರ್ಗದರ್ಶಕರಾಗಬೇಕೆಂದರೆ ಅರ್ಜಿಯಲ್ಲಿ ಅದಕ್ಕೆ ಜಾಗವೇ ಇಲ್ಲ. 'ವಿಷಯ' ಅಂತ ಒಂದು ಗೆರೆ, ಅದರ ಎದುರು ಒಂದೇ ಪದ ಬರೆಯಬೇಕು. ದನದ ಡಾಕ್ಟರಂತೂ ಇನ್ನೂ ದೂರ. ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾಲ್ಕು ಊರುಗಳ ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಹಂಚಿಹೋಗಿದ್ದಾರೆ, ಅಜ್ಜಿಯ ಎಮ್ಮೆ ಒಂದೇ ತೊಟ್ಟಿಯಲ್ಲಿ ಕುಡಿಯುತ್ತಿದೆ.

ಹಿಸ್ಟರಿ ಹುಡುಗನ ನೋಟುಬುಕ್ಕು

ಆವತ್ತು ನಮ್ಮ ಜೊತೆ ಬಂದಿದ್ದ ಇತಿಹಾಸ ಎಂ.ಎ. ಹುಡುಗನಿಗೆ ಮಾಡಲು ಏನೂ ಕೆಲಸ ಇರಲಿಲ್ಲ. ನಾನೇ ತಯಾರಿಸಿದ್ದ ಪ್ರಶ್ನಾವಳಿಯಲ್ಲಿ ಇತಿಹಾಸಕ್ಕೆ ಒಂದು ಸಾಲೂ ಇರಲಿಲ್ಲ, ಆ ತಪ್ಪು ನನ್ನದೇ. ಅವನು ಪಾಪ ಸುಮ್ಮನೆ ಆಂಜನೇಯನ ಗುಡಿಯ ಕಟ್ಟೆಯ ಮೇಲೆ ಕೂತು, ಅಲ್ಲಿದ್ದ ಹಿರಿಯರ ಜೊತೆ ಮಾತಿಗಿಳಿದಿದ್ದ. ಯಾವ ವರ್ಷ ಬರ ಬಂತು, ಯಾವಾಗ ಕರೆಂಟು ಬಂತು, ಕೆರೆ ಕೋಡಿ ಬಿದ್ದದ್ದು ಯಾವಾಗ, ಹೀಗೆ. ಬೋರಿಂಗ್ ಬಂದದ್ದು ಯಾವಾಗ ಅಂತ ಕೇಳಿದಾಗ ಮೂರ್ನಾಲ್ಕು ಜನ ಒಟ್ಟಿಗೇ ಹೇಳಿದರಂತೆ: "ಇಂದಿರಾಗಾಂಧಿ ಹೋದ ವರ್ಷ." ಅಂದರೆ 1984. ಅದಕ್ಕೆ ಮೊದಲು ಊರಿಗೆಲ್ಲ ಒಂದು ಸೇದೋ ಬಾವಿ, ಒಂದು ಇಳಿಯೋ ಬಾವಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ನನ್ನ ಪಕ್ಕ ಬಂದು ಕೂತ. "ಮೇಡಂ, ಒಂದು ವಿಷ್ಯ ನೋಡಿದೆ. ಹೇಳಲಾ ಬ್ಯಾಡ್ವಾ ಗೊತ್ತಾಗ್ತಿಲ್ಲ" ಅಂತ ನೋಟುಬುಕ್ಕು ತೆಗೆದ. ಕಟ್ಟೆಯ ಮೇಲೆ ಕೂತಿದ್ದವರ ವಯಸ್ಸು ಬರೆದುಕೊಂಡಿದ್ದ. ಹೆಸರಿರಲಿಲ್ಲ, ವಯಸ್ಸು ಮಾತ್ರ. ಅದರ ಮುಂದೆ ಅವರು ನಕ್ಕಾಗ ಕಂಡ ಹಲ್ಲು ಹೇಗಿತ್ತು ಅಂತ ಒಂದು ಗುರುತು. ಅರವತ್ತು ದಾಟಿದವರಲ್ಲಿ ಹಲ್ಲು ಉದುರಿದವರಿದ್ದರು, ಎಲೆ ಅಡಿಕೆ ಹಾಕಿ ಕೆಂಪಾದವರಿದ್ದರು. ಆದರೆ ಹಲ್ಲಿನ ಮೈಯೊಳಗೇ ಕಂದು ಗೆರೆ ಇದ್ದವರು ಇರಲಿಲ್ಲ. ನಲವತ್ತರ ಕೆಳಗಿನವರಲ್ಲಿ ಬಹುತೇಕ ಎಲ್ಲರಿಗೂ ಇತ್ತು. "ಇದೇನು ಮೇಡಂ, ಬೋರಿಂಗ್ ಬಂದ ವರ್ಷ ಹಲ್ಲಿನ ಮ್ಯಾಲೆ ಬರದಂಗೆ ಐತಲ್ಲ!" ಅಂದ.

ನಾನು ಮಾತಾಡಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತೆ. ನನ್ನ ಹಲ್ಲೂ ಹಾಗೇ ಇದೆ. ನಾನು ಹುಟ್ಟಿ ಬೆಳೆದದ್ದು ಅದೇ ಸೀಮೆಯ ಇನ್ನೊಂದು ಹಳ್ಳಿಯಲ್ಲಿ. ಪಿಯುಸಿಗೆ ದಾವಣಗೆರೆ ಹಾಸ್ಟೆಲ್ಲಿಗೆ ಬಂದು ಸೇರಿದ ಮೊದಲ ವಾರ ಹುಡುಗಿಯೊಬ್ಬಳು ನಾನು ಬಾಯಿ ಬಿಟ್ಟ ಕೂಡಲೇ "ನೀನು ಜಗಳೂರು ಕಡೆಯವಳಾ?" ಅಂತ ಕೇಳಿದ್ದಳು. ಅವಳು ಕೆಟ್ಟ ಮನಸ್ಸಿನಿಂದ ಕೇಳಿರಲಿಕ್ಕಿಲ್ಲ. ಆವತ್ತಿನಿಂದ ನಗುವಾಗ ಸೆರಗೋ ಕೈಯೋ ಬಾಯಿಗೆ ಅಡ್ಡ ಬರುವುದು ಅಭ್ಯಾಸವಾಯಿತು. ಇವತ್ತಿಗೂ ಗ್ರೂಪ್ ಫೋಟೊದಲ್ಲಿ ನಾನು ತುಟಿ ಬಿಗಿದೇ ನಿಂತಿರುತ್ತೇನೆ. ನಮ್ಮ ಮನೆಯಲ್ಲಿ ಅದನ್ನು 'ಉಪ್ಪುನೀರಿನ ಹಲ್ಲು' ಅನ್ನುತ್ತಿದ್ದರು. ಬೂದಿ, ಇದ್ದಿಲು, ನಿಂಬೆಹಣ್ಣು ಎಲ್ಲ ಹಾಕಿ ಉಜ್ಜಿದ್ದಾಯಿತು.

ಆ ರಾತ್ರಿ ಅಣ್ಣನಿಗೆ ಫೋನು ಮಾಡಿದೆ. "ಅಣ್ಣಾ, ನಮ್ಮೂರಿಗೆ ಬೋರಿಂಗ್ ಬಂದದ್ದು ಯಾವಾಗ?" "ಯಾಕೆ ಈಗ ಅದು? ನಾನು ಹೈಸ್ಕೂಲು ಓದ್ತಿದ್ದೆ. ನೀನು ಅಂಬೆಗಾಲು. ಅಕ್ಕ ಒಂದನೇ ಕ್ಲಾಸಿಗೆ ಹೋಗ್ತಿದ್ಲು." ಅಣ್ಣನ ಹಲ್ಲು ಬೆಳ್ಳಗಿವೆ. ನನ್ನವು ಕಂದು. ಅಕ್ಕನದು ವಿಚಿತ್ರ. ನಕ್ಕರೆ ಮುಂದಿನ ಹಲ್ಲುಗಳೆಲ್ಲ ಬಿಳುಪು, ಆಕಳಿಸಿದರೆ ಒಳಗಿನವು ಕಂದು. ಸಂಬಂಧ ನೋಡಲು ಬಂದವರ ಎದುರು ಅಕ್ಕನಿಗೆ ತೊಂದರೆಯಾಗಲಿಲ್ಲ, ನನಗಾಯಿತು. ಅದನ್ನು ನಮ್ಮವ್ವ ಹಣೆಬರಹ ಅಂದುಕೊಂಡಿದ್ದರು.

ಪರಿಚಯದ ದಂತವೈದ್ಯೆಯೊಬ್ಬರಿಗೆ ಇದನ್ನು ಹೇಳಿದಾಗ ಅವರು ಕಾಗದದ ಮೇಲೆ ಹಲ್ಲುಗಳ ಸಾಲು ಬರೆದು ತೋರಿಸಿದರು. ಹಲ್ಲಿನ ಹೊರಗಿನ ಎನಾಮಲ್ ಒಸಡಿನ ಒಳಗೇ ಕಟ್ಟಿಕೊಳ್ಳುತ್ತದೆ. ಮುಂದಿನ ಬಾಚಿಹಲ್ಲುಗಳದು ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ, ಹಿಂದಿನ ದವಡೆಯವು ಏಳೆಂಟು ವರ್ಷದವರೆಗೂ ನಡೆಯುತ್ತದೆ. ಕಟ್ಟಿಕೊಳ್ಳುವ ಹೊತ್ತಿನಲ್ಲಿ ಹೆಚ್ಚು ಫ್ಲೋರೈಡ್ ಒಳಗೆ ಹೋದರೆ ಮಾತ್ರ ಈ ಕಲೆ ಬರುವುದು. ಕಟ್ಟಿಯಾದ ಮೇಲೆ ಎಷ್ಟು ಕುಡಿದರೂ ಹಲ್ಲಿನ ಮೇಲೆ ಹೀಗೆ ಬರುವುದಿಲ್ಲ, ಆಮೇಲಿನದೆಲ್ಲ ಮೂಳೆಗೆ. ಹಾಗಾಗಿ ಒಂದನೇ ಕ್ಲಾಸಿನಲ್ಲಿದ್ದ ಅಕ್ಕನ ಮುಂದಿನ ಹಲ್ಲು ಉಳಿದವು, ಹಿಂದಿನವು ಸಿಕ್ಕಿಕೊಂಡವು. ನಮ್ಮ ಮೂವರ ಬಾಯಿಯನ್ನು ಪಕ್ಕಪಕ್ಕ ಇಟ್ಟರೆ ಊರಿನ ನೀರಿನ ಚರಿತ್ರೆ ಓದಬಹುದು. ನಲವತ್ತು ವರ್ಷ ನಾನು ಇದನ್ನು ಬಾಯಿಯಲ್ಲಿ ಇಟ್ಟುಕೊಂಡು ಓಡಾಡಿದೆ, ಇದೇ ವಿಷಯದ ಮೇಲೆ ಪಾಠವನ್ನೂ ಮಾಡಿದೆ. ಓದಿ ಹೇಳಿದ್ದು ಮಾತ್ರ, ಮಾಡಲು ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತಿದ್ದ ಆ ಹುಡುಗ.

ಎತ್ತು ಮೊದಲು ಹೇಳಿತು

ಇಲ್ಲಿ ಯಾರನ್ನೂ ದೂರುವ ಹಾಗಿಲ್ಲ. ಬೋರಿಂಗ್ ಕೊರೆಸಿದವರು ಊರಿನ ಒಳ್ಳೆಯದಕ್ಕೇ ಕೊರೆಸಿದ್ದು. ಇಳಿಯೋ ಬಾವಿಯ ನೀರಿನಿಂದ ವಾಂತಿಭೇದಿ ಬರುತ್ತಿತ್ತು, ನಾರುಹುಣ್ಣು ಬರುತ್ತಿತ್ತು. ನಾರುಹುಣ್ಣು ಅಂದರೆ ಇವತ್ತಿನ ಮಕ್ಕಳಿಗೆ ಗೊತ್ತೇ ಇಲ್ಲ. 1996ರ ನಂತರ ದೇಶದಲ್ಲಿ ಅದರ ಒಂದು ಪ್ರಕರಣವೂ ಇಲ್ಲ. ಅದರಲ್ಲಿ ಈ ಕೈಪಂಪುಗಳ ಪಾಲೂ ಇದೆ. ಆರೋಗ್ಯ ಇಲಾಖೆಯ ಕಣ್ಣಿಗೆ ನೆಲದಡಿಯ ನೀರು ಅಂದರೆ ಕ್ರಿಮಿಯಿಲ್ಲದ ನೀರು. ಭೂವಿಜ್ಞಾನಿಯನ್ನು ಕೇಳಿದ್ದರೆ, ಈ ಸೀಮೆಯ ಗ್ರಾನೈಟು, ನೈಸು ಬಂಡೆಗಳ ಬಿರುಕಿನಲ್ಲಿ ನಿಂತ ನೀರು ಬಂಡೆಯಿಂದ ಫ್ಲೋರೈಡ್ ಕರಗಿಸಿಕೊಂಡಿರುತ್ತದೆ, ಆಳಕ್ಕೆ ಹೋದಷ್ಟೂ ಬಂಡೆಯ ಜೊತೆ ಹೆಚ್ಚು ಕಾಲ ಇದ್ದ ನೀರೇ ಸಿಗುತ್ತದೆ ಅಂತ ಹೇಳುತ್ತಿದ್ದರು. ಒಬ್ಬರ ಉತ್ತರ ಎಲ್ಲಿ ಮುಗಿಯಿತೋ ಅಲ್ಲಿ ಇನ್ನೊಬ್ಬರ ಪ್ರಶ್ನೆ ಶುರುವಾಗಬೇಕಿತ್ತು. ಶುರುವಾಗುವ ಹೊತ್ತಿಗೆ ಒಂದು ತಲೆಮಾರಿನ ಹಲ್ಲು ಬಂದಾಗಿತ್ತು. ಈಗ ಶುದ್ಧ ನೀರಿನ ಘಟಕ ಬಂದಿದೆ. ಒಳ್ಳೆಯದೇ, ನನ್ನ ಅಣ್ಣನ ಮೊಮ್ಮಕ್ಕಳ ಹಲ್ಲು ಬೆಳ್ಳಗಿವೆ. ಆದರೆ ಹಿಂದಿನ ಪೈಪು ತೊಟ್ಟಿಗೆ ಬೀಳುತ್ತಿದೆ.

ಅಜ್ಜಿಯ ಮಾತಿಗೆ ಬೆನ್ನು ಹತ್ತಿ ಓದುತ್ತಾ ಹೋದಾಗ ನನಗೆ ಮೈ ಜುಂ ಎಂದದ್ದು ಒಂದು ಹಳೆಯ ಸಂಗತಿ ಸಿಕ್ಕಾಗ. ನಮ್ಮ ದೇಶದಲ್ಲಿ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಬರುವ ಕಾಯಿಲೆ, ವೈದ್ಯ ಪತ್ರಿಕೆಗಳಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಿಂದ. ಆದರೆ ಅದಕ್ಕೂ ಮೊದಲು ಅಲ್ಲಿಯ ರೈತರು ತಮ್ಮ ಉಳುವ ಎತ್ತುಗಳು ಕಾಲು ಎತ್ತಿಡಲಾರದೆ ನಿಲ್ಲುವುದನ್ನು, ಕೀಲು ಬಿಗಿದು ನರಳುವುದನ್ನು ಕಂಡಿದ್ದರು. ಅದೇ ಕಾಯಿಲೆ ಮನುಷ್ಯರಲ್ಲೂ ಇದೆ ಅಂತ ಗೊತ್ತಾದದ್ದು ಆಮೇಲೆ. ಎತ್ತು ಮೊದಲು ಹೇಳಿತ್ತು. ಎತ್ತಿನ ಯಜಮಾನ ಕೇಳಿಸಿಕೊಂಡಿದ್ದ. ನಮ್ಮ ಅಜ್ಜಿ ಕೇಳಿದ್ದೂ ಅದನ್ನೇ, ಮತ್ತು ನಾನು ಅದನ್ನು ವಿಷಯಾಂತರ ಅಂದುಕೊಂಡಿದ್ದೆ.

ಮುಂದಿನ ವರ್ಷ ಪಟ್ಟಿ ಬದಲಾಯಿಸಿದೆ. ಪ್ರಶ್ನಾವಳಿಯನ್ನು ನಾನು ಬರೆಯಲೇ ಇಲ್ಲ. ಮೊದಲ ಸಲ ಬರೀ ಕೈಯಲ್ಲಿ ಹೋಗಿ ಊರಿನವರ ಪ್ರಶ್ನೆಗಳನ್ನು ಬರೆದುಕೊಂಡು ಬರುವುದು, ಎರಡನೇ ಸಲ ಬಾಟಲಿ ಒಯ್ಯುವುದು ಅಂತ ಮಾಡಿದೆವು. (ಫ್ಲೋರೈಡಿಗೆ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಗಾಜಿನ ಜೊತೆ ಅದು ಕೂಡಿಕೊಳ್ಳುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ನನ್ನ ವಿದ್ಯಾರ್ಥಿನಿ.) ಬಂದ ಪ್ರಶ್ನೆಗಳು ಯಾವ ವಿಭಾಗಕ್ಕೂ ಸೇರದವು. ಕಾಯಿಸಿ ಕುಡಿದರೆ ಹೋಗುತ್ತಾ? ಇಲ್ಲ, ಕಾಯಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಹೆಚ್ಚಾಗುತ್ತದೆ. ಎಮ್ಮೆಯ ಹಾಲಿಗೆ ಬರುತ್ತಾ? ಜಗಳೂರಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಪಶುವೈದ್ಯರೊಬ್ಬರನ್ನು ಕರೆದುಕೊಂಡು ಹೋದೆವು. ಹಾಲಿಗೆ ಬರುವುದು ತೀರ ಕಡಿಮೆ, ಮೂಳೆಯಲ್ಲಿ ಸೇರುವುದೇ ಹೆಚ್ಚು ಅಂತ ಅವರು ಹೇಳಿದಾಗ ಸುತ್ತ ನಿಂತಿದ್ದ ಹೆಂಗಸರು ಸೆರಗಿನಿಂದ ಮುಖ ಒರೆಸಿಕೊಂಡರು. ಡೇರಿಗೆ ಹಾಲು ಹಾಕಿ ಬದುಕುವ ಮನೆಗಳಲ್ಲಿ ಆ ಪ್ರಶ್ನೆ ಎಷ್ಟು ದಿನದಿಂದ ಇತ್ತೋ!

ಊಟದ ಮಾತು ಅಲ್ಲಿಂದ ಬಂತು. ಕ್ಯಾಲ್ಸಿಯಂ ಚೆನ್ನಾಗಿ ಸಿಕ್ಕರೆ ಫ್ಲೋರೈಡಿನ ಹೊಡೆತ ಕಡಿಮೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಈಗ ಹೊಲದ ಕಡೆ ನೋಡಿ. ದಾವಣಗೆರೆ ಸೀಮೆಯ ಮಳೆಯಾಶ್ರಿತ ಭೂಮಿಯ ತುಂಬ ಮೆಕ್ಕೆಜೋಳ. ಕೋಳಿ ಮೇವಿಗೆ, ಪಿಷ್ಟದ ಕಾರ್ಖಾನೆಗೆ ಹೋಗುವ ಬೆಳೆ ಅದು, ಮನೆಯ ತಟ್ಟೆಗೆ ಬರುವುದಿಲ್ಲ. ತಟ್ಟೆಗೆ ಬರುವುದು ರೇಷನ್ ಅಕ್ಕಿ. ಮೆಕ್ಕೆಜೋಳದ ಬೆಲೆಯ ಬಗ್ಗೆ ನಾನು ಎಷ್ಟೋ ಪಾಠ ಮಾಡಿದ್ದೇನೆ, ಅದಕ್ಕೂ ಮಗುವಿನ ಮೂಳೆಗೂ ದಾರಿ ಇದೆ ಅಂತ ಒಮ್ಮೆಯೂ ಹೇಳಿರಲಿಲ್ಲ. ಹುಣಸೆಹಣ್ಣಿನ ವಿಷಯವೂ ಹಾಗೇ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು ಶಾಲೆಯ ಹುಡುಗರಿಗೆ ದಿನವೂ ಹುಣಸೆಹಣ್ಣು ಕೊಟ್ಟು ನೋಡಿದಾಗ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಾಗಿತ್ತು. ಇದನ್ನು ಹೇಳಿದ ದಿನ ಕಟ್ಟೆಯ ಮೇಲಿದ್ದ ಒಬ್ಬರು "ನಮ್ಮೂರ ರಸ್ತೆ ಅಗಲ ಮಾಡೋವಾಗ ಹುಣಸೆಮರ ಎಷ್ಟು ಕಡಿದ್ರು ಗೊತ್ತಾ ನಿಮಗೆ?" ಅಂದರು. ರಸ್ತೆ, ಮರ, ಸಾರು, ಮೂಳೆ. ಅವರು ಒಂದೇ ಉಸಿರಿನಲ್ಲಿ ಸೇರಿಸಿಬಿಟ್ಟರು.

ಬಾಳಿಕೆ

ವಿಶ್ವಸಂಸ್ಥೆಯ ಆಯೋಗದ ಬ್ರಂಟ್‌ಲ್ಯಾಂಡ್ ವರದಿ, 1987, ಮುಂದಿನ ಪೀಳಿಗೆಯ ಅಗತ್ಯಗಳಿಗೆ ಧಕ್ಕೆಯಾಗದಂತೆ ಅನ್ನುವ ಸುಸ್ಥಿರ ಅಭಿವೃದ್ಧಿಯ ವ್ಯಾಖ್ಯೆಯನ್ನು ನನ್ನ ಮಕ್ಕಳು ಐದು ಅಂಕಕ್ಕೆ ಬಾಯಿಪಾಠ ಮಾಡಿರುತ್ತಾರೆ. ಅದನ್ನೇ ನಿಮ್ಮವ್ವನಿಗೆ ಅರ್ಥವಾಗುವ ಹಾಗೆ ಹೇಳಿ ಅಂದರೆ ತರಗತಿ ಸುಮ್ಮನಾಗುತ್ತದೆ. ಒಂದು ಸಲ ಚನ್ನಗಿರಿಯ ಹುಡುಗಿ ಮಾತ್ರ "ಬಾಳಿಕೆ ಬರೋ ಹಂಗೆ ಮಾಡೋದು" ಅಂದಳು. ಬಟ್ಟೆ ಕೊಳ್ಳುವಾಗ, ಬಾಗಿಲು ಮಾಡಿಸುವಾಗ, ಅಳಿಯನನ್ನು ನೋಡುವಾಗಲೂ ನಾವು ಕೇಳುವ ಮಾತು ಅದು. ಬಾಳಿಕೆ ಬರುತ್ತಾ? ಆ ಪದ ಸಿಕ್ಕ ಮೇಲೆ ಹಳ್ಳಿಗೆ ಹೋಗಿ ಮಾತಾಡುವುದು ನನಗೆ ಸುಲಭವಾಯಿತು. ಸುಸ್ಥಿರ ಅಂದಾಗ ತಲೆ ಆಡಿಸಿ ಸುಮ್ಮನಾಗುತ್ತಿದ್ದವರು, ಈ ಘಟಕ ಬಾಳಿಕೆ ಬರುತ್ತಾ ಅಂತ ಕೇಳಿದರೆ ಒಂದು ಗಂಟೆ ಮಾತಾಡುತ್ತಾರೆ. ಫಿಲ್ಟರ್ ಯಾರು ಬದಲಾಯಿಸಬೇಕು, ಕರೆಂಟ್ ಬಿಲ್ಲು ಯಾರು ಕಟ್ಟಬೇಕು, ಕೆಟ್ಟಾಗ ಎಷ್ಟು ದಿನ ಮತ್ತೆ ಬೋರಿನ ಸಿಸ್ಟನ್ (ತೊಟ್ಟಿ) ನೀರನ್ನೇ ಕುಡಿದರು, ಎಲ್ಲ ಬರುತ್ತದೆ.

ಬಾಳಿಕೆಯ ಮಾತು ನಮ್ಮ ಕೆಲಸಕ್ಕೂ ಬರುತ್ತದೆ. ತುಂಗಭದ್ರೆಯಿಂದ ಜಗಳೂರು ಸೀಮೆಯ 57 ಕೆರೆಗಳಿಗೆ ನೀರು ತುಂಬಿಸುವ ಏತ ನೀರಾವರಿಯ ಬಗ್ಗೆ ನನ್ನ ಮಕ್ಕಳು ಬಹಳ ಆಸೆಯಿಂದ ಮಾತಾಡುತ್ತಾರೆ. ಕೆರೆಯಲ್ಲಿ ನೀರು ನಿಂತರೆ ಸುತ್ತಲ ಕೊಳವೆಬಾವಿಗಳ ಫ್ಲೋರೈಡ್ ಏನಾಗುತ್ತದೆ ಅನ್ನುವುದು ನನ್ನ ದೃಷ್ಟಿಯಲ್ಲಿ ಈ ಸೀಮೆಯ ವಿಶ್ವವಿದ್ಯಾಲಯ ಕೇಳಬೇಕಾದ ಮೊದಲನೆಯ ಪ್ರಶ್ನೆ. ಅದಕ್ಕೆ ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ, ಹೀಗೆ ಐದಾರು ವರ್ಷ ಅದೇ ಬಾವಿಗಳ ನೀರನ್ನು ಅಳೆಯಬೇಕು. ವಿದ್ಯಾರ್ಥಿಯ ಕೈಯಲ್ಲಿರುವುದು ಒಂದು ಸೆಮಿಸ್ಟರ್. ಮಳೆ ಬರುವ ಮೊದಲು ಅವನ ಪ್ರಬಂಧ ಸಲ್ಲಿಕೆಯಾಗಿರುತ್ತದೆ. ಅದಕ್ಕೇ ನಾವು ಒಂದು ಉದ್ದನೆಯ ಲೆಡ್ಜರ್ ಪುಸ್ತಕ ತಂದಿದ್ದೇವೆ, ಅಂಗಡಿಯ ಲೆಕ್ಕಕ್ಕೆ ಇಡುತ್ತಾರಲ್ಲ, ಅಂಥದ್ದು. ಒಂದು ಬ್ಯಾಚು ಅಳೆದು ಬರೆದು ಮುಂದಿನ ಬ್ಯಾಚಿನ ಕೈಗೆ ಕೊಡಬೇಕು. ಎಡಗಡೆ ಪುಟ ನೀರಿನ ಅಳತೆಗೆ, ಬಲಗಡೆ ಪುಟ ಆ ದಿನ ಊರಿನವರು ಏನು ಹೇಳಿದರು ಅನ್ನುವುದಕ್ಕೆ. ಯಾವ ನಿಯಮದಲ್ಲೂ ಈ ಪುಸ್ತಕಕ್ಕೆ ಅಂಕ ಇಲ್ಲ. ಈಗ ಮೂರನೆಯ ಬ್ಯಾಚಿನ ಕೈಯಲ್ಲಿದೆ. ಕಳೆದ ವರ್ಷ ಪಾಸಾಗಿ ಹೋದವರು ಈಗಲೂ ಫೋನು ಮಾಡಿ, "ಮೇಡಂ, ಶಾಲೆ ಹಿಂದಿನ ಬೋರಿನದು ಬರೆದ್ರಾ?" ಅಂತ ಕೇಳುತ್ತಾರೆ.

ಅಳೆದದ್ದನ್ನು ಊರಿಗೆ ಹೇಳುವುದು ಹೇಗೆ ಅನ್ನುವುದರಲ್ಲಿ ನಾವು ಬಹಳ ತಡವರಿಸಿದೆವು. ಕುಡಿಯುವ ನೀರಿನ ನಮ್ಮ ಮಾನದಂಡ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಅನ್ನುತ್ತದೆ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಅನ್ನುತ್ತದೆ. ನಾವು ಅಳೆದ ಅಂಕಿಯನ್ನು ಗೋಡೆಗೆ ಬರೆದು ಬಂದುಬಿಡೋಣ ಅಂತ ಕೆಮಿಸ್ಟ್ರಿಯವರು ಹೇಳಿದರು. ಬೇಡ, ಆ ಊರಿಗೆ ಹೆಣ್ಣು ಕೊಡುವುದಿಲ್ಲ, ಆ ಊರಿನ ಹೆಣ್ಣು ತರುವುದಿಲ್ಲ ಅಂತಾಗುತ್ತದೆ ಅಂದವಳು ಸಮಾಜಕಾರ್ಯದ ಹುಡುಗಿ. ಅವಳು ಹೇಳಿದ್ದು ಸುಳ್ಳಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಒಂದು ಮಧ್ಯಾಹ್ನವಿಡೀ ಇದರ ಮೇಲೇ ವಾದ ಆಯಿತು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಿಜವಾಗಿ ಅಂತರಶಿಸ್ತೀಯ ತರಗತಿ ಅಂತ ನಡೆದಿದ್ದರೆ ಆ ಮಧ್ಯಾಹ್ನವೇ. ಕೊನೆಗೆ ಊರಿನ ಹೆಂಗಸರನ್ನೇ ಕೇಳಿದೆವು. ಅವರ ಮಾತಿನಂತೆ ಗೋಡೆಗೆ ಏನೂ ಬರೆಯಲಿಲ್ಲ. ಮನೆಮನೆಗೆ ಹೋಗಿ, ಅವರೆದುರೇ ಫ್ಲೋರೈಡ್ ಪರೀಕ್ಷೆಯ ಕಿಟ್ಟಿನಲ್ಲಿ ನೀರು ಹಾಕಿ ಗುಲಾಬಿ ಬಣ್ಣ ಹಳದಿಗೆ ತಿರುಗುವುದನ್ನು ತೋರಿಸಿದೆವು. ಆ ದಿನ ಮೊದಲ ಮನೆಯಲ್ಲಿ ನಾನು ಬಾಯಿಗೆ ಕೈ ಅಡ್ಡ ಇಡದೆ ನನ್ನ ಹಲ್ಲು ತೋರಿಸಿದೆ. ಆ ಮನೆಯ ಸೊಸೆ ತನ್ನದನ್ನೂ ತೋರಿಸಿದಳು.

ಕಳೆದ ತಿಂಗಳು ಹೋದಾಗ ಘಟಕದ ಹಿಂದೆ ಬದಲಾವಣೆ ಆಗಿತ್ತು. ಊರಿನವರೇ ಪೈಪಿಗೆ ಪೈಪು ಜೋಡಿಸಿ, ತೊಟ್ಟಿ ದಾಟಿಸಿ, ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ ಬಿಟ್ಟಿದ್ದಾರೆ. ತೊಟ್ಟಿಯ ಅಂಚಿನ ಬಿಳುಪನ್ನು ಯಾರೋ ತೆಂಗಿನ ನಾರು ಹಾಕಿ ಉಜ್ಜಿದ್ದರು. ದನಗಳನ್ನು ಈಗ ಗೋಕಟ್ಟೆಗೆ ಹೊಡೆಯುತ್ತಾರಂತೆ, ಮಳೆ ಚೆನ್ನಾಗಿ ಆದದ್ದರಿಂದ ಅಲ್ಲಿ ನೀರಿದೆ. ಹುಡುಗರು ಖುಷಿಯಿಂದ ಫೋಟೊ ತೆಗೆದರು. ನಾನೂ ಅಜ್ಜಿಯನ್ನು ಹುಡುಕಿಕೊಂಡು ಹೋಗಿ ಕರೆತಂದೆ. ನೋಡಿ ಅಜ್ಜಿ, ನಿಮ್ಮ ಮಾತು ನಡೀತು ಅಂದೆ.

ಅಜ್ಜಿ ಒಗೆಯುವ ಕಲ್ಲಿನ ಹತ್ತಿರ ಹೋಗಿ ನಿಂತರು. ಸೋಪಿನ ನೊರೆಯ ಜೊತೆ ನೀರು ಕಲ್ಲಿನ ಕೆಳಗೆ ಇಳಿದು, ಸಣ್ಣ ಕಾಲುವೆಯಾಗಿ ಬೇಲಿಯ ಕಡೆ ಹರಿದಿತ್ತು. ಬೇಲಿಯಾಚೆ ಯಾರದೋ ಹಿತ್ತಲು, ಬದನೆ ಗಿಡ, ಕೊತ್ತಂಬರಿ ಮಡಿ.

"ಇಲ್ಲಿಂದ ಎಲ್ಲಿಗೆ ಹೋಗ್ತತಿ ನೋಡಬೇಕಲ್ಲ" ಅಂದರು. ಕೋಲು ಊರಿಕೊಂಡು ಆ ಒದ್ದೆ ಗೆರೆಯ ಗುಂಟ ನಡೆಯತೊಡಗಿದರು. ಕೆಮಿಸ್ಟ್ರಿ ಹುಡುಗಿ ಚೀಲದಿಂದ ಖಾಲಿ ಬಾಟಲಿ ತೆಗೆದುಕೊಂಡು ಹಿಂದೆ ಹೋದಳು. ಲೆಡ್ಜರ್ ಹಿಡಿದುಕೊಂಡಿದ್ದ ಹುಡುಗನೂ ಹೋದ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿಗೆ ಕಾಲಿಟ್ಟೆ.